ಕಮಾಂಡ್ ಲೈನ್‌ನಿಂದ ರೇಡ್ ವರ್ಚುವಲ್ ಡಿಸ್ಕ್ ಸೆಟ್ಟಿಂಗ್: ಮೊದಲು ನೋಡಿ, ಆಮೇಲೆ ಬದಲಿಸಿ

ರೇಡ್ ಕಂಟ್ರೋಲರ್ (ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ವರ್ಚುವಲ್ ಡಿಸ್ಕ್ ಆಗಿ ತೋರಿಸುವ ಕಾರ್ಡ್) ಇರುವ ಸರ್ವರ್‌ನಲ್ಲಿ ವರ್ಚುವಲ್ ಡಿಸ್ಕ್‌ನ ಸೆಟ್ಟಿಂಗ್‌ಗಳು ಎರಡು ಬಗೆ. ಕೆಲವನ್ನು ಸರ್ವರ್ ಓಡುತ್ತಿರುವಾಗಲೇ ಯಾವಾಗ ಬೇಕಾದರೂ ಬದಲಿಸಬಹುದು. ಹೆಸರು, ಕ್ಯಾಶ್ ಪಾಲಿಸಿ (ಕಾರ್ಡ್‌ನ ಮೆಮೊರಿಯನ್ನು ಹೇಗೆ ಬಳಸಬೇಕು ಅನ್ನುವುದು), ಓದು-ಬರಹದ ಅನುಮತಿ ಇಂಥವು. ಇನ್ನು ಕೆಲವು ಡಿಸ್ಕ್ ಕಟ್ಟುವಾಗಲೇ ಗಟ್ಟಿಯಾಗಿಬಿಡುತ್ತವೆ. ಸ್ಟ್ರಿಪ್ ಸೈಜ್, ಅಂದರೆ ಒಂದು ಡಿಸ್ಕ್ ಮೇಲೆ ಎಷ್ಟು ಬರೆದು ಮುಂದಿನದಕ್ಕೆ ಹೋಗಬೇಕು ಅನ್ನುವ ಅಳತೆ, ಈ ಎರಡನೇ ಗುಂಪಿನದು. ಅದು ಸರಿಯಿಲ್ಲ ಅಂತ ಆಮೇಲೆ ಗೊತ್ತಾದರೆ ಡೇಟಾವನ್ನೆಲ್ಲ ಬೇರೆ ಕಡೆ ಸಾಗಿಸಿ, ವರ್ಚುವಲ್ ಡಿಸ್ಕ್ ಅಳಿಸಿ, ಹೊಸದಾಗಿ ಕಟ್ಟಬೇಕು. ಹಾಗಾಗಿ ಎರಡನೇ ಗುಂಪಿನ ವಿಷಯಗಳನ್ನು ಮೊದಲು ತೀರ್ಮಾನ ಮಾಡಿಕೊಂಡು ಕೂರುವುದು ಒಳ್ಳೆಯದು.

ಇಲ್ಲಿನ ಉದಾಹರಣೆಗಳೆಲ್ಲ ಬ್ರಾಡ್‌ಕಾಮ್‌ನ ಮೆಗಾರೇಡ್ ಕಾರ್ಡ್‌ಗಳಿಗೆ ಬಳಸುವ ಸ್ಟೋರ್‌ಸಿಎಲ್‌ಐ ಟೂಲ್‌ನವು. ಡೆಲ್ ಸರ್ವರ್‌ಗಳ ಪರ್ಕ್ ಕಾರ್ಡ್‌ಗೆ ಪರ್ಕ್‌ಸಿಎಲ್‌ಐ ಅಂತ ಇದರದೇ ಇನ್ನೊಂದು ರೂಪ ಇದೆ. ಟೂಲ್‌ನ ಹೆಸರು ಬಿಟ್ಟರೆ ಕಮಾಂಡ್‌ಗಳು ಹೆಚ್ಚೂಕಮ್ಮಿ ಒಂದೇ ಥರ. ಲಿನಕ್ಸ್‌ನಲ್ಲಿ ಟೂಲ್ ಸಾಮಾನ್ಯವಾಗಿ /ಆಪ್ಟ್/ಮೆಗಾರೇಡ್/ಸ್ಟೋರ್‌ಸಿಎಲ್‌ಐ ಫೋಲ್ಡರ್‌ನಲ್ಲಿ ಕೂತಿರುತ್ತದೆ. ರೂಟ್ ಅನುಮತಿ ಬೇಕೇ ಬೇಕು.

ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಮಾತ್ರ ಎಲ್ಲವನ್ನೂ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ (ಮೇಲಿನ ಫೋಲ್ಡರ್ ಹೆಸರಿನ ಮೆಗಾರೇಡ್ ಅನ್ನುವುದನ್ನು ಮಾತ್ರ MegaRAID ಅಂತ ಬರೆಯಬೇಕು). ಸ್ಟೋರ್ ಅನ್ನುವಲ್ಲಿ ಕೊನೆಗೆ 'ಇ' ಅಕ್ಷರ ಬರುವುದಿಲ್ಲ, ಇದನ್ನು ಮರೆತು ಎಷ್ಟೋ ಜನ ಒದ್ದಾಡುತ್ತಾರೆ. ಸಿ, ವಿ, ಇ, ಎಸ್ ಅಂತ ಬರೆದಿರುವ ಕಡೆ ಒಂದೊಂದೇ ಅಕ್ಷರ. ಸಿ0 ಅಂದರೆ ಮೊದಲ ಕಂಟ್ರೋಲರ್. ವಿ0 ಅಂದರೆ ಅದರ ಮೇಲಿನ ಮೊದಲ ವರ್ಚುವಲ್ ಡಿಸ್ಕ್. ಇ252 ಅಂದರೆ 252 ನಂಬರಿನ ಎನ್‌ಕ್ಲೋಷರ್ (ಡಿಸ್ಕ್‌ಗಳು ಕೂರುವ ಪೆಟ್ಟಿಗೆ), ಎಸ್3 ಅಂದರೆ ಅದರ 3 ನಂಬರಿನ ಸ್ಲಾಟ್. ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಸಾಲಿನ ಮಧ್ಯೆ ಕಮಾಂಡ್‌ನ ಒಂದು ತುಂಡನ್ನಷ್ಟೇ ಬರೆದಿದ್ದರೆ ಅದರ ಮುಂದೆ ಟೂಲ್‌ನ ಹೆಸರು, ಬೇಕಾದ ಕಡೆ /ಸಿ0/ವಿ0 ಸೇರಿಸಿಕೊಳ್ಳಿ. ಯಾವುದಾದರೂ ಪದದ ಬಗ್ಗೆ ಅನುಮಾನ ಬಂದರೆ 'ಸ್ಟೋರ್‌ಸಿಎಲ್‌ಐ64 ಹೆಲ್ಪ್' ಕೊಟ್ಟರೆ ಪೂರ್ತಿ ಪಟ್ಟಿ ಬರುತ್ತದೆ.

ಈಗ ಏನಿದೆ ಅಂತ ನೋಡುವುದು

ಮೊದಲ ಕಮಾಂಡ್ ಇದು:

ಸ್ಟೋರ್‌ಸಿಎಲ್‌ಐ64 /ಸಿ0 ಶೋ

ಕಾರ್ಡ್‌ನ ಮಾಡೆಲ್, ಫರ್ಮ್‌ವೇರ್, ಡಿಸ್ಕ್‌ಗಳ ಪಟ್ಟಿ, ವರ್ಚುವಲ್ ಡಿಸ್ಕ್‌ಗಳ ಪಟ್ಟಿ, ಬ್ಯಾಟರಿ ಅಥವಾ ಕ್ಯಾಶ್‌ವಾಲ್ಟ್ ಸ್ಥಿತಿ ಎಲ್ಲವೂ ಒಂದೇ ಸಲ ಬರುತ್ತದೆ. ಒಂದೊಂದು ವರ್ಚುವಲ್ ಡಿಸ್ಕ್‌ನ ವಿವರ ಬೇಕಾದರೆ:

ಸ್ಟೋರ್‌ಸಿಎಲ್‌ಐ64 /ಸಿ0/ವಿ0 ಶೋ ಆಲ್

ಈ ಎರಡನೇ ಕಮಾಂಡ್‌ನ ಔಟ್‌ಪುಟ್‌ನಲ್ಲಿ ಕ್ಯಾಶ್ ಅನ್ನುವ ಕಾಲಮ್ ಇದೆ. ಅದರಲ್ಲಿ ಆರ್‌ಡಬ್ಲ್ಯುಬಿಡಿ ಅಥವಾ ಎನ್‌ಆರ್‌ಡಬ್ಲ್ಯುಟಿಡಿ ಅಂತ ಅಕ್ಷರಗಳ ಗೊಂಚಲು ಕಾಣುತ್ತದೆ. ಅದನ್ನು ಬಿಡಿಸಿ ಓದಬೇಕು. ಮೊದಲಿಗೆ ಆರ್ ಇದ್ದರೆ ರೀಡ್ ಅಹೆಡ್ (ಮುಂದೆ ಬೇಕಾಗಬಹುದಾದ್ದನ್ನು ಮೊದಲೇ ಓದಿಡುವುದು) ಆನ್, ಎನ್‌ಆರ್ ಇದ್ದರೆ ಆಫ್. ಮಧ್ಯದ ಡಬ್ಲ್ಯುಬಿ ಅಂದರೆ ರೈಟ್ ಬ್ಯಾಕ್, ಡಬ್ಲ್ಯುಟಿ ಅಂದರೆ ರೈಟ್ ಥ್ರೂ, ಎಡಬ್ಲ್ಯುಬಿ ಅಂದರೆ ಆಲ್ವೇಸ್ ರೈಟ್ ಬ್ಯಾಕ್ (ಇವುಗಳ ವಿವರ ಮುಂದೆ ರೈಟ್ ಕ್ಯಾಶ್ ಭಾಗದಲ್ಲಿದೆ). ಕೊನೆಯ ಅಕ್ಷರ ಡಿ ಆದರೆ ಡೈರೆಕ್ಟ್ (ಓದಿದ್ದನ್ನು ಕ್ಯಾಶ್‌ನಲ್ಲಿ ಇಡುವುದಿಲ್ಲ), ಸಿ ಆದರೆ ಕ್ಯಾಶ್ಡ್ (ಇಡುತ್ತದೆ). ಸರ್ವರ್ ನಿಧಾನ ಅಂತ ದೂರು ಬಂದಾಗ ನಾನು ಮೊದಲು ನೋಡುವುದು ಈ ಒಂದು ಕಾಲಮ್ಮನ್ನೇ.

ಸ್ಟೇಟ್ ಕಾಲಮ್‌ನಲ್ಲಿ ಆಪ್ಟಿಮಲ್ ಅನ್ನುವುದರ ಚುಟುಕು ರೂಪ ಇರಬೇಕು. ಡಿಗ್ರೇಡೆಡ್ ಇದ್ದರೆ ಸೆಟ್ಟಿಂಗ್ ಕೆಲಸ ಅಲ್ಲಿಗೇ ನಿಲ್ಲಿಸಿ, ಮೊದಲು ಕೆಟ್ಟ ಡಿಸ್ಕ್ ನೋಡಿ.

ಏನನ್ನಾದರೂ ಮುಟ್ಟುವ ಮೊದಲು 'ಸ್ಟೋರ್‌ಸಿಎಲ್‌ಐ64 /ಸಿಆಲ್ ಶೋ ಆಲ್' ಔಟ್‌ಪುಟ್‌ನ ಜೊತೆಗೆ ಪ್ರತಿ ವರ್ಚುವಲ್ ಡಿಸ್ಕ್‌ನ 'ಶೋ ಆಲ್' ಔಟ್‌ಪುಟ್ಟನ್ನೂ ಒಂದು ಫೈಲ್‌ಗೆ ಹಾಕಿ, ಬೇರೊಂದು ಯಂತ್ರಕ್ಕೆ ಕಾಪಿ ಮಾಡಿ. ಅದೇ ಅರೇ (ಡಿಸ್ಕ್‌ಗಳ ಗುಂಪು) ಮೇಲೆ ಇಟ್ಟರೆ ಬೇಕಾದಾಗ ಕೈಗೆ ಸಿಗುವುದಿಲ್ಲ, ಅಲ್ವಾ? ಹಳೆಯ ಸೆಟ್ಟಿಂಗ್ ಏನಿತ್ತು ಅನ್ನುವುದಕ್ಕೆ ಆ ಫೈಲೇ ದಾಖಲೆ.

ಯಾವ ಡಿಸ್ಕ್ ಯಾವುದು

ಸ್ಟೋರ್‌ಸಿಎಲ್‌ಐ64 /ಸಿ0/ಇಆಲ್/ಎಸ್‌ಆಲ್ ಶೋ

ಇದು ಕೊಡುವ ಪಟ್ಟಿಯಲ್ಲಿ ಮೊದಲ ಕಾಲಮ್ 252:0, 252:1 ಅಂತ ಇರುತ್ತದೆ. ಎಡಗಡೆಯದು ಎನ್‌ಕ್ಲೋಷರ್, ಬಲಗಡೆಯದು ಸ್ಲಾಟ್. 252 ಅನ್ನುವುದು ಎಲ್ಲ ಯಂತ್ರದಲ್ಲೂ ಇರುವ ನಂಬರ್ ಅಲ್ಲ. ನಿಮ್ಮಲ್ಲಿ 32 ಇರಬಹುದು, 8 ಇರಬಹುದು. ಪಟ್ಟಿಯಲ್ಲಿ ಕಂಡದ್ದನ್ನೇ ಬಳಸಿ.

ಹೊಸ ವರ್ಚುವಲ್ ಡಿಸ್ಕ್‌ಗೆ ಬೇಕಾದ ಡಿಸ್ಕ್‌ಗಳ ಸ್ಟೇಟ್ 'ಯುಗುಡ್' ಅಂತ ಇರಬೇಕು. ಅಂದರೆ ಚೆನ್ನಾಗಿದೆ, ಯಾರೂ ಬಳಸುತ್ತಿಲ್ಲ. ಜೆಬಿಒಡಿ (ರೇಡ್‌ಗೆ ಸೇರದ ಬಿಡಿ ಡಿಸ್ಕ್) ಅಂತಿದ್ದರೆ ಆಪರೇಟಿಂಗ್ ಸಿಸ್ಟಂ ಅದನ್ನು ನೇರವಾಗಿ ಬಳಸುತ್ತಿರಬಹುದು. ಒಳಗೆ ಡೇಟಾ ಇಲ್ಲ ಅಂತ ಖಚಿತ ಮಾಡಿಕೊಂಡ ಮೇಲಷ್ಟೇ '/ಸಿ0/ಇ252/ಎಸ್2 ಸೆಟ್ ಗುಡ್' ಕೊಡಿ. ಡಿಜಿ (ಡ್ರೈವ್ ಗ್ರೂಪ್, ಡಿಸ್ಕ್ ಗುಂಪು) ಕಾಲಮ್‌ನಲ್ಲಿ ಎಫ್ ಅಂತ ಕಂಡರೆ ಆ ಡಿಸ್ಕ್ ಇನ್ನೊಂದು ಕಂಟ್ರೋಲರ್‌ನಿಂದ ಬಂದದ್ದು, ಹಳೆಯ ರೇಡ್‌ನ ಗುರುತು ಅದರ ಮೇಲೆ ಇನ್ನೂ ಇದೆ. ಅದನ್ನು ಅವಸರದಲ್ಲಿ ಅಳಿಸಬೇಡಿ. '/ಸಿ0/ಎಫ್‌ಆಲ್ ಶೋ' ಕೊಟ್ಟು ಒಳಗೇನಿದೆ ನೋಡಿ. ಯಾರದ್ದೋ ಪೂರ್ತಿ ಡೇಟಾ ಅದರಲ್ಲಿರಬಹುದು.

ಕಣ್ಣಿಗೆ ಕಾಣುವ ಡಿಸ್ಕಿಗೂ ಪಟ್ಟಿಯ ಡಿಸ್ಕಿಗೂ ಹೊಂದಿಸಬೇಕಾದರೆ:

ಸ್ಟೋರ್‌ಸಿಎಲ್‌ಐ64 /ಸಿ0/ಇ252/ಎಸ್3 ಸ್ಟಾರ್ಟ್ ಲೊಕೇಟ್

ಆ ಸ್ಲಾಟ್‌ನ ದೀಪ ಮಿನುಗುತ್ತದೆ. ನೋಡಿ ಆದ ಮೇಲೆ 'ಸ್ಟಾಪ್ ಲೊಕೇಟ್' ಕೊಡಿ. ಜೊತೆಗೆ 'ಶೋ ಆಲ್'ನಲ್ಲಿ ಬರುವ ಸೀರಿಯಲ್ ನಂಬರನ್ನು ಡಿಸ್ಕ್‌ನ ಲೇಬಲ್ ಜೊತೆ ತಾಳೆ ನೋಡಿ. ಒಂದು ಡಿಸ್ಕ್ ಆಗಲೇ ಹೋಗಿರುವ ರೇಡ್ 5ರಲ್ಲಿ ತಪ್ಪಿ ಇನ್ನೊಂದನ್ನು ಎಳೆದರೆ ಇಡೀ ವರ್ಚುವಲ್ ಡಿಸ್ಕ್ ಆಫ್‌ಲೈನ್ ಆಗುತ್ತದೆ.

ಕಟ್ಟುವ ಮೊದಲಿನ ತೀರ್ಮಾನಗಳು

ಉದಾಹರಣೆಗೆ 4 ಟಿಬಿಯ 6 ಡಿಸ್ಕ್‌ಗಳಿವೆ ಅಂತಿಟ್ಟುಕೊಳ್ಳಿ, ಸ್ಲಾಟ್ 0ರಿಂದ 5ರವರೆಗೆ. ರೇಡ್ 6 ಮಾಡಿದರೆ 2 ಡಿಸ್ಕ್‌ನಷ್ಟು ಜಾಗ ಪ್ಯಾರಿಟಿಗೆ (ಡಿಸ್ಕ್ ಕೆಟ್ಟರೆ ಡೇಟಾ ಮರಳಿ ಪಡೆಯಲು ಬರೆದಿಡುವ ಲೆಕ್ಕ) ಹೋಗಿ 4 ಡಿಸ್ಕ್‌ನಷ್ಟು, ಅಂದರೆ 16 ಟಿಬಿ ಉಳಿಯುತ್ತದೆ. ಆದರೆ ಟೂಲ್ 14.55 ಟಿಬಿ ಆಸುಪಾಸಿನ ಸಂಖ್ಯೆ ತೋರಿಸುತ್ತದೆ. ಜಾಗ ಎಲ್ಲೂ ಕಳೆದುಹೋಗಿಲ್ಲ. ಡಿಸ್ಕ್ ಮಾಡಿದವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಟೂಲ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ.

ಯಾವ ರೇಡ್ ಲೆವೆಲ್ ಅನ್ನುವುದು ಕೆಲಸದ ಮೇಲೆ ಹೋಗುತ್ತದೆ. ಡೇಟಾಬೇಸ್ ಥರ ಸಣ್ಣ ಸಣ್ಣ ಬರಹಗಳು ಎಲ್ಲೆಂದರಲ್ಲಿ ಬೀಳುವ ಕಡೆ ರೇಡ್ 10 (ಪ್ಯಾರಿಟಿ ಬದಲು ಡೇಟಾದ ಎರಡು ಪ್ರತಿ ಇಡುವುದು) ಚೆನ್ನ. ಒಂದು ಸಣ್ಣ ಬರಹಕ್ಕೆ ರೇಡ್ 10 ಡಿಸ್ಕ್ ಮೇಲೆ 2 ಸಲ ಕೆಲಸ ಮಾಡಿದರೆ, ರೇಡ್ 5ಕ್ಕೆ 4 ಸಲ, ರೇಡ್ 6ಕ್ಕೆ 6 ಸಲ ಬೇಕು. ಹಳೆಯ ಡೇಟಾ, ಹಳೆಯ ಪ್ಯಾರಿಟಿ ಓದಿ, ಹೊಸದನ್ನು ಲೆಕ್ಕ ಹಾಕಿ ಬರೆಯಬೇಕಲ್ಲ, ಅದಕ್ಕೆ. ದೊಡ್ಡ ಫೈಲ್‌ಗಳು, ಬ್ಯಾಕಪ್, ವಿಡಿಯೊ ಇಂಥದ್ದಕ್ಕೆ ರೇಡ್ 6 ಸಾಕು. ದೊಡ್ಡ ಡಿಸ್ಕ್‌ಗಳಲ್ಲಿ ರೇಡ್ 5 ಮಾಡಬೇಡಿ ಅನ್ನುವುದು ನನ್ನ ಖಂಡಿತ ಅಭಿಪ್ರಾಯ. ಒಂದು ಡಿಸ್ಕ್ ಹೋದ ಮೇಲೆ ರೀಬಿಲ್ಡ್ (ಅದರ ಡೇಟಾವನ್ನು ಹೊಸ ಡಿಸ್ಕ್ ಮೇಲೆ ಮತ್ತೆ ಕಟ್ಟುವುದು) ತುಂಬಾ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಉಳಿದ ಡಿಸ್ಕ್‌ಗಳನ್ನು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಓದಬೇಕು, ಅವುಗಳಲ್ಲಿ ಒಂದೂ ಕೈಕೊಡುವ ಹಾಗಿಲ್ಲ.

ಇನ್ನು ಸ್ಟ್ರಿಪ್ ಸೈಜ್. ಒಂದು ಡಿಸ್ಕ್ ಮೇಲೆ ಎಷ್ಟು ಬರೆದು ಮುಂದಿನ ಡಿಸ್ಕ್‌ಗೆ ಹೋಗಬೇಕು ಅನ್ನುವ ಅಳತೆ ಇದು. 256 ಕೆಬಿ ಆದರೆ ನಮ್ಮ ಉದಾಹರಣೆಯಲ್ಲಿ ಪೂರ್ತಿ ಸ್ಟ್ರೈಪ್ (ಎಲ್ಲ ಡೇಟಾ ಡಿಸ್ಕ್‌ಗಳ ಸ್ಟ್ರಿಪ್ ಸೇರಿ) 4 × 256, ಅಂದರೆ 1024 ಕೆಬಿ. ಅಷ್ಟು ಡೇಟಾ ಒಟ್ಟಿಗೆ ಬಂದರೆ ಕಂಟ್ರೋಲರ್ ಹಳೆಯದನ್ನು ಓದುವ ಗೋಜಿಗೆ ಹೋಗದೆ ಪ್ಯಾರಿಟಿ ಸಮೇತ ಒಂದೇ ಸಲ ಬರೆಯುತ್ತದೆ. ಮೇಲೆ ಹೇಳಿದ 6 ಸಲದ ಭಾರ ಆಗ ಇರುವುದಿಲ್ಲ. ದೊಡ್ಡ ಫೈಲ್‌ಗಳಿಗೆ 256 ಕೆಬಿ ಅಥವಾ ಅದಕ್ಕಿಂತ ಜಾಸ್ತಿ, ಸಣ್ಣ ಬರಹ ಜಾಸ್ತಿ ಇದ್ದರೆ 64 ಕೆಬಿ. ಇದನ್ನು ಈಗಲೇ ನಿರ್ಧರಿಸಿ, ಆಮೇಲೆ ಬದಲಿಸಲು ಬರುವುದಿಲ್ಲ.

ಕಟ್ಟುವುದು

ಸ್ಟೋರ್‌ಸಿಎಲ್‌ಐ64 /ಸಿ0 ಆಡ್ ವಿಡಿ ಆರ್6 ನೇಮ್=ಡೇಟಾ1 ಡ್ರೈವ್ಸ್=252:0-5 ಡಬ್ಲ್ಯುಬಿ ಆರ್‌ಎ ಡೈರೆಕ್ಟ್ ಸ್ಟ್ರಿಪ್=256

ಆರ್6 ಅಂದರೆ ರೇಡ್ 6. ಡಬ್ಲ್ಯುಬಿ, ಆರ್‌ಎ ಎರಡೂ ಎರಡೆರಡು ಅಕ್ಷರ: ರೈಟ್ ಬ್ಯಾಕ್, ರೀಡ್ ಅಹೆಡ್. ಹೆಸರು 15 ಅಕ್ಷರ ಮೀರಬಾರದು. ಸೈಜ್ ಹೇಳದಿದ್ದರೆ ಇರುವ ಜಾಗವನ್ನೆಲ್ಲ ತೆಗೆದುಕೊಳ್ಳುತ್ತದೆ. ಹೆಸರು ಕೊಡದೆ ಬಿಡಬೇಡಿ. ಮುಂದೆ ಮೂರ್ನಾಲ್ಕು ವರ್ಚುವಲ್ ಡಿಸ್ಕ್ ಆದಾಗ ವಿ1 ಯಾವುದು, ವಿ2 ಯಾವುದು ಅಂತ ಗೊಂದಲ ಆಗುವುದು ಖಂಡಿತ.

ಕೊನೆಗೆ ಸ್ಟೇಟಸ್ ಸಕ್ಸೆಸ್ ಅಂತ ಬರಬೇಕು. ಪ್ರತಿ ಕಮಾಂಡ್ ಆದಮೇಲೂ ಆ ಸಾಲನ್ನು ಓದುವ ಅಭ್ಯಾಸ ಇರಲಿ.

ಈಗ '/ಸಿ0/ವಿ0 ಶೋ' ಕೊಟ್ಟು ಕನ್ಸಿಸ್ಟ್ ಅನ್ನುವ ಕಾಲಮ್ ನೋಡಿ. ನೋ ಅಂತ ಇರುತ್ತದೆ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಡಿಸ್ಕ್‌ಗಳಲ್ಲಿ ಹಿಂದೆ ಏನೇನೋ ಇತ್ತು, ಪ್ಯಾರಿಟಿ ಅದಕ್ಕೆ ಇನ್ನೂ ಹೊಂದಿಕೊಂಡಿಲ್ಲ ಅಂತ ಅದರ ಅರ್ಥ. ಕಂಟ್ರೋಲರ್ ಸ್ವಲ್ಪ ಹೊತ್ತಾದ ಮೇಲೆ ಹಿನ್ನೆಲೆಯಲ್ಲಿ ತಾನೇ ಇದನ್ನು ಸರಿಮಾಡುತ್ತದೆ ಅಂತ ನಾವು ಸುಮ್ನೆ ಇದ್ದುಬಿಡುತ್ತೇವೆ. ಆದರೆ ಮೆಗಾರೇಡ್ ಕಾರ್ಡ್‌ಗಳಲ್ಲಿ ಆ ಹಿನ್ನೆಲೆ ಕೆಲಸ ತಾನಾಗಿ ಶುರುವಾಗಬೇಕಾದರೆ ಹೊಸ ರೇಡ್ 5ರಲ್ಲಿ ಕನಿಷ್ಠ 5 ಡಿಸ್ಕ್, ರೇಡ್ 6ರಲ್ಲಿ ಕನಿಷ್ಠ 7 ಡಿಸ್ಕ್ ಇರಬೇಕು. ನಮ್ಮದು 6 ಡಿಸ್ಕ್‌ನ ರೇಡ್ 6. ಅಂದಮೇಲೆ ಇದು ತಾನಾಗಿ ಶುರುವಾಗುವುದಿಲ್ಲ. ನಾವೇ ಮಾಡಬೇಕು:

ಸ್ಟೋರ್‌ಸಿಎಲ್‌ಐ64 /ಸಿ0/ವಿ0 ಸ್ಟಾರ್ಟ್ ಇನಿಟ್ ಫುಲ್

ಇದು ಇಡೀ ವರ್ಚುವಲ್ ಡಿಸ್ಕ್ ಮೇಲೆ ಸೊನ್ನೆ ಬರೆಯುತ್ತದೆ. ಹೊಸದಾಗಿ ಕಟ್ಟಿದ, ಖಾಲಿ ವರ್ಚುವಲ್ ಡಿಸ್ಕ್‌ಗೆ ಮಾತ್ರ ಇದನ್ನು ಕೊಡಬೇಕು. ವಿ ಮುಂದಿನ ನಂಬರನ್ನು ಎರಡು ಸಲ ನೋಡಿ ಎಂಟರ್ ಒತ್ತಿ. ಫುಲ್ ಅನ್ನುವ ಪದ ಬಿಟ್ಟರೆ ಬೇಗ ಮುಗಿಯುತ್ತದೆ, ಯಾಕಂದರೆ ಆಗ ಶುರು ಮತ್ತು ಕೊನೆಯ ಭಾಗವನ್ನಷ್ಟೇ ಅಳಿಸುತ್ತದೆ. ಡೇಟಾ ಹೋಗುವುದು ಎರಡರಲ್ಲೂ ಒಂದೇ. ಎಷ್ಟಾಯಿತು ಅಂತ 'ಶೋ ಇನಿಟ್' ಹೇಳುತ್ತದೆ. ದೊಡ್ಡ ಡಿಸ್ಕ್‌ಗಳಾದರೆ ಗಂಟೆಗಟ್ಟಲೆ ಹಿಡಿಯುತ್ತದೆ, ಕಾಯಿರಿ. ಮುಗಿದ ಮೇಲೆ ಕನ್ಸಿಸ್ಟ್ ಕಾಲಮ್‌ನಲ್ಲಿ ಯೆಸ್ ಬಂತಾ ನೋಡಿ.

'ಶೋ ಆಲ್'ನಲ್ಲಿ ಓಎಸ್ ಡ್ರೈವ್ ನೇಮ್ ಅಂತ ಒಂದು ಸಾಲು ಇದೆ. ಲಿನಕ್ಸ್ ಈ ವರ್ಚುವಲ್ ಡಿಸ್ಕನ್ನು ಯಾವ ಹೆಸರಿನಿಂದ ನೋಡುತ್ತಿದೆ ಅಂತ ಅಲ್ಲಿರುತ್ತದೆ. ಅದು /ಡೆವ್/ಎಸ್‌ಡಿಬಿ ಆದರೆ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಂ ಹೀಗೆ ಹಾಕಿ:

ಎಂಕೆಎಫ್‌ಎಸ್.ಎಕ್ಸ್‌ಎಫ್‌ಎಸ್ -ಡಿ ಎಸ್‌ಯು=256ಕೆ,ಎಸ್‌ಡಬ್ಲ್ಯು=4 /ಡೆವ್/ಎಸ್‌ಡಿಬಿ

ಎಸ್‌ಯು ಅಂದರೆ ಸ್ಟ್ರಿಪ್ ಸೈಜ್. ಎಸ್‌ಡಬ್ಲ್ಯು ಅಂದರೆ ಪ್ಯಾರಿಟಿ ಬಿಟ್ಟು ಉಳಿದ ಡೇಟಾ ಡಿಸ್ಕ್‌ಗಳ ಸಂಖ್ಯೆ. ಇಲ್ಲಿ 6 ಅಂತ ಕೊಟ್ಟರೆ ತಪ್ಪು.

ರೈಟ್ ಕ್ಯಾಶ್: ಇಲ್ಲಿ ಸ್ವಲ್ಪ ನಿಲ್ಲಿ

ಎಲ್ಲ ಸೆಟ್ಟಿಂಗ್‌ಗಳಲ್ಲೂ ಡೇಟಾಕ್ಕೆ ನೇರವಾಗಿ ಅಪಾಯ ತರಬಲ್ಲದ್ದು ಇದೇ. ರೈಟ್ ಥ್ರೂನಲ್ಲಿ ಡೇಟಾ ಡಿಸ್ಕ್‌ಗೆ ಹೋಗಿ ಬಿದ್ದ ಮೇಲೆ ಮಾತ್ರ 'ಬರೆದಾಯಿತು' ಅಂತ ಕಂಟ್ರೋಲರ್ ಉತ್ತರ ಕೊಡುತ್ತದೆ. ರೈಟ್ ಬ್ಯಾಕ್‌ನಲ್ಲಿ ತನ್ನ ಮೆಮೊರಿಗೆ ಬಂದ ಕೂಡಲೇ ಉತ್ತರ ಕೊಟ್ಟು, ಡಿಸ್ಕ್‌ಗೆ ಆಮೇಲೆ ಬರೆಯುತ್ತದೆ. ತಿರುಗುವ ಡಿಸ್ಕ್‌ಗಳ ರೇಡ್ 5, 6ರಲ್ಲಿ ಇವೆರಡರ ವೇಗದ ನಡುವೆ ಅಜಗಜಾಂತರ.

ಆದರೆ ಆ ಮೆಮೊರಿಯಲ್ಲಿ ಇರುವಾಗಲೇ ಕರೆಂಟ್ ಹೋದರೆ? ಅದಕ್ಕೇ ಕಾರ್ಡ್ ಮೇಲೆ ಬ್ಯಾಟರಿ ಇರುತ್ತದೆ. ಚಾರ್ಜ್ ಇರುವಷ್ಟು ಹೊತ್ತು ಅದು ಮೆಮೊರಿಯನ್ನು ಹಿಡಿದಿಡುತ್ತದೆ. ಕ್ಯಾಶ್‌ವಾಲ್ಟ್ ಇರುವ ಕಾರ್ಡ್‌ಗಳಲ್ಲಿ ಒಂದು ಸೂಪರ್ ಕೆಪಾಸಿಟರ್ ಸ್ವಲ್ಪ ಹೊತ್ತು ವಿದ್ಯುತ್ ಕೊಡುತ್ತದೆ, ಅಷ್ಟರಲ್ಲಿ ಮೆಮೊರಿಯ ಡೇಟಾ ಫ್ಲ್ಯಾಶ್‌ಗೆ ಇಳಿಯುತ್ತದೆ. ನಿಮ್ಮಲ್ಲಿ ಯಾವುದಿದೆ ನೋಡಿ:

ಸ್ಟೋರ್‌ಸಿಎಲ್‌ಐ64 /ಸಿ0/ಬಿಬಿಯು ಶೋ ಆಲ್
ಸ್ಟೋರ್‌ಸಿಎಲ್‌ಐ64 /ಸಿ0/ಸಿವಿ ಶೋ ಆಲ್

ಎರಡರಲ್ಲಿ ಒಂದಾದರೂ ಆಪ್ಟಿಮಲ್ ಅಂತ ಹೇಳಬೇಕು. ಹೇಳಿದರೆ ರೈಟ್ ಬ್ಯಾಕ್ ಹಾಕಿ:

ಸ್ಟೋರ್‌ಸಿಎಲ್‌ಐ64 /ಸಿ0/ವಿ0 ಸೆಟ್ ಡಬ್ಲ್ಯುಆರ್‌ಕ್ಯಾಶ್=ಡಬ್ಲ್ಯುಬಿ

ಡಬ್ಲ್ಯು, ಆರ್ ಎರಡು ಬಿಡಿ ಅಕ್ಷರ, ಅದಕ್ಕೆ ಅಂಟಿಕೊಂಡು ಕ್ಯಾಶ್ ಅನ್ನುವ ಪದ, ಮಧ್ಯೆ ಜಾಗ ಇಲ್ಲ. ಡಬ್ಲ್ಯುಬಿ ಹಾಕಿದ್ದರೆ ಬ್ಯಾಟರಿ ಕೆಟ್ಟಾಗ ಕಂಟ್ರೋಲರ್ ತಾನಾಗಿ ರೈಟ್ ಥ್ರೂಗೆ ಇಳಿಯುತ್ತದೆ, ಬ್ಯಾಟರಿ ಸರಿಯಾದಾಗ ಮತ್ತೆ ಮೇಲೇರುತ್ತದೆ. ಎಡಬ್ಲ್ಯುಬಿ ಹಾಕಿದರೆ ಬ್ಯಾಟರಿ ಇದೆಯೋ ಇಲ್ಲವೋ ನೋಡುವುದೇ ಇಲ್ಲ. ನನ್ನ ಮಟ್ಟಿಗೆ ಎಡಬ್ಲ್ಯುಬಿ ಬೇಡವೇ ಬೇಡ. ಯುಪಿಎಸ್ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಸರ್ವರ್‌ನ ಪವರ್ ಸಪ್ಲೈ ಸುಟ್ಟರೆ, ಮದರ್‌ಬೋರ್ಡ್ ಕೈಕೊಟ್ಟರೆ, ಯಾರೋ ತಂತಿ ಎಳೆದರೆ ಯುಪಿಎಸ್ ಏನೂ ಮಾಡಲಾರದು. ಕ್ಯಾಶ್‌ನಲ್ಲಿದ್ದ ಬರಹ ಹೋದರೆ ಒಂದು ಫೈಲ್ ಮಾತ್ರ ಹಾಳಾಗುವುದಿಲ್ಲ, ಇಡೀ ಫೈಲ್‌ಸಿಸ್ಟಂ ಕೆಡಬಹುದು.

ಸರ್ವರ್ ಇದ್ದಕ್ಕಿದ್ದಂತೆ ನಿಧಾನ ಆದರೆ 'ಶೋ ಆಲ್'ನಲ್ಲಿ ಎರಡು ಜಾಗ ನೋಡಿ. ಮೇಲಿನ ಕ್ಯಾಶ್ ಕಾಲಮ್ ಈಗ ನಡೆಯುತ್ತಿರುವುದನ್ನು ಹೇಳುತ್ತದೆ. ಕೆಳಗೆ ರೈಟ್ ಕ್ಯಾಶ್ ಇನಿಶಿಯಲ್ ಸೆಟ್ಟಿಂಗ್ ಅನ್ನುವ ಸಾಲು ನೀವು ಕೇಳಿದ್ದನ್ನು ಹೇಳುತ್ತದೆ. ಕೆಳಗೆ ರೈಟ್ ಬ್ಯಾಕ್, ಮೇಲೆ ಡಬ್ಲ್ಯುಟಿ ಅಂತಿದ್ದರೆ ಸೆಟ್ಟಿಂಗ್‌ನಲ್ಲಿ ತಪ್ಪಿಲ್ಲ, ಬ್ಯಾಟರಿಯನ್ನು ಹಿಡಿಯಿರಿ. ಹಳೆಯ ಬ್ಯಾಟರಿ ಕಾರ್ಡ್‌ಗಳು ಆಗಾಗ ಲರ್ನ್ ಸೈಕಲ್ ಅಂತ ಬ್ಯಾಟರಿಯನ್ನು ಖಾಲಿ ಮಾಡಿ ಮತ್ತೆ ತುಂಬಿಸಿಕೊಳ್ಳುತ್ತವೆ. ಆ ಹೊತ್ತಿನಲ್ಲೂ ಹೀಗೇ ಆಗಬಹುದು. ಆಗ ಎಡಬ್ಲ್ಯುಬಿಗೆ ಕೈ ಹಾಕದೆ ಸ್ವಲ್ಪ ಕಾದರೆ ಸಾಕು.

ಇದರ ಜೊತೆಗೇ ಡಿಸ್ಕ್‌ಗಳ ಸ್ವಂತ ಕ್ಯಾಶ್ ಆಫ್ ಮಾಡಿ:

ಸ್ಟೋರ್‌ಸಿಎಲ್‌ಐ64 /ಸಿ0/ವಿ0 ಸೆಟ್ ಪಿಡಿಕ್ಯಾಶ್=ಆಫ್

ಕಾರ್ಡ್‌ನ ಬ್ಯಾಟರಿ ಕಾಯುವುದು ಕಾರ್ಡ್‌ನ ಮೆಮೊರಿಯನ್ನು ಮಾತ್ರ. ಡಿಸ್ಕ್ ಒಳಗಿನ ಕ್ಯಾಶ್ ಅದರ ಕೈಗೆ ಸಿಗುವುದಿಲ್ಲ.

ಉಳಿದ ಸೆಟ್ಟಿಂಗ್‌ಗಳು

ಓದುವ ಕಡೆಯದು ಇಷ್ಟು ಗಂಭೀರ ಅಲ್ಲ. 'ಸೆಟ್ ಆರ್‌ಡಿಕ್ಯಾಶ್=ಆರ್‌ಎ' ಕೊಟ್ಟರೆ ಸಾಲಾಗಿ ಓದುವ ಕೆಲಸಕ್ಕೆ ಅನುಕೂಲ. ಅಲ್ಲಲ್ಲಿ ಓದುವ ಕೆಲಸವಾದರೆ 'ನೋಆರ್‌ಎ' ಕೊಡಿ. 'ಸೆಟ್ ಐಒಪಾಲಿಸಿ=ಡೈರೆಕ್ಟ್' ಇರಲಿ. ಪೂರ್ತಿ ಎಸ್‌ಎಸ್‌ಡಿಗಳ ವರ್ಚುವಲ್ ಡಿಸ್ಕ್ ಆದರೆ ಲೆಕ್ಕ ಬೇರೆ: ರೈಟ್ ಥ್ರೂ, ನೋಆರ್‌ಎ, ಡೈರೆಕ್ಟ್, ಈ ಮೂರೂ ಸೇರಿದಾಗಲೇ ಕಾರ್ಡ್‌ನ ಫಾಸ್ಟ್‌ಪಾತ್ (ಎಸ್‌ಎಸ್‌ಡಿಗಳಿಗೆ ಇರುವ ವೇಗದ ದಾರಿ) ಕೆಲಸಕ್ಕೆ ಬರುತ್ತದೆ. ಎಸ್‌ಎಸ್‌ಡಿಯೇ ವೇಗವಾಗಿರುವಾಗ ಕ್ಯಾಶ್ ಮಧ್ಯೆ ಬಂದರೆ ಅಡ್ಡಿಯೇ ಜಾಸ್ತಿ.

'ಸೆಟ್ ಅಕ್ಸೆಸ್‌ಪಾಲಿಸಿ=ಆರ್‌ಒ' ಕೊಟ್ಟರೆ ಓದಲಿಕ್ಕೆ ಮಾತ್ರ, 'ಆರ್‌ಡಬ್ಲ್ಯು' ಕೊಟ್ಟರೆ ಮೊದಲಿನಂತೆ.

/ಸಿ0/ವಿಆಲ್ ಅಂತ ಕೊಟ್ಟು ಸೆಟ್ ಮಾಡಿದರೆ ಎಲ್ಲ ವರ್ಚುವಲ್ ಡಿಸ್ಕ್‌ಗಳಿಗೂ ಒಮ್ಮೆಗೇ ತಗಲುತ್ತದೆ. ನೋಡುವುದಕ್ಕೆ ವಿಆಲ್, ಬದಲಿಸುವುದಕ್ಕೆ ಒಂದೊಂದೇ ನಂಬರ್ ಅನ್ನುವುದು ನಾನು ಪಾಲಿಸುವ ಕ್ರಮ.

ಸ್ಪೇರ್ ಡಿಸ್ಕ್ ಸ್ಲಾಟ್ 6ರಲ್ಲಿದ್ದರೆ:

ಸ್ಟೋರ್‌ಸಿಎಲ್‌ಐ64 /ಸಿ0/ಇ252/ಎಸ್6 ಆಡ್ ಹಾಟ್‌ಸ್ಪೇರ್‌ಡ್ರೈವ್

ಡಿಸ್ಕ್ ಕೆಟ್ಟರೆ ರೀಬಿಲ್ಡ್ ತಾನಾಗಿ ಶುರುವಾಗುತ್ತದೆ. ಸ್ಪೇರ್‌ನ ಜಾಗ ಉಳಿದ ಡಿಸ್ಕ್‌ಗಳಿಗಿಂತ ಕಮ್ಮಿ ಇರಬಾರದು. ರೀಬಿಲ್ಡ್‌ಗೆ ಎಷ್ಟು ಶಕ್ತಿ ಮೀಸಲಿಡಬೇಕು ಅನ್ನುವುದನ್ನು '/ಸಿ0 ಸೆಟ್ ರೀಬಿಲ್ಡ್‌ರೇಟ್=30' ಥರ ಹೇಳಬಹುದು. 30 ಡಿಫಾಲ್ಟ್. ಅದನ್ನು ಏರಿಸಿದಷ್ಟೂ ರೀಬಿಲ್ಡ್ ಬೇಗ, ಬಳಕೆದಾರರಿಗೆ ಸರ್ವರ್ ನಿಧಾನ.

ವರ್ಷಗಟ್ಟಲೆ ಯಾರೂ ಓದದ ಜಾಗದಲ್ಲಿ ಕೆಟ್ಟ ಸೆಕ್ಟರ್ ಅಡಗಿ ಕೂತಿದ್ದು, ರೀಬಿಲ್ಡ್ ಹೊತ್ತಿನಲ್ಲಿ ಹೊರಗೆ ಬರುವುದು ರೇಡ್‌ನ ದೊಡ್ಡ ತಲೆನೋವು. '/ಸಿ0 ಶೋ ಪ್ಯಾಟ್ರೋಲ್‌ರೀಡ್' ಕೊಟ್ಟು ಪ್ಯಾಟ್ರೋಲ್ ರೀಡ್ (ಹಿನ್ನೆಲೆಯಲ್ಲಿ ಡಿಸ್ಕ್‌ಗಳನ್ನು ಓದಿ ಕೆಟ್ಟ ಸೆಕ್ಟರ್ ಹುಡುಕುವುದು) ಆಟೋ ಮೋಡ್‌ನಲ್ಲಿದೆಯಾ ನೋಡಿ. ಇಲ್ಲದಿದ್ದರೆ '/ಸಿ0 ಸೆಟ್ ಪ್ಯಾಟ್ರೋಲ್‌ರೀಡ್=ಆನ್ ಮೋಡ್=ಆಟೋ'. ಪ್ಯಾರಿಟಿ ಸರಿಯಿದೆಯಾ ಅಂತ ನೋಡುವ ಕನ್ಸಿಸ್ಟೆನ್ಸಿ ಚೆಕ್ ಬೇರೆ. ಅದಕ್ಕೆ '/ಸಿ0/ವಿ0 ಸ್ಟಾರ್ಟ್ ಸಿಸಿ'. ಕೆಲಸ ಕಮ್ಮಿ ಇರುವ ಹೊತ್ತಿನಲ್ಲಿ ಇದನ್ನು ಓಡಿಸಿ.

ಜಾಗ ಸಾಲದಾದಾಗ

ಸ್ಲಾಟ್ 7ಕ್ಕೆ ಇನ್ನೊಂದು 4 ಟಿಬಿ ಡಿಸ್ಕ್ ಹಾಕಿದ್ದೀರಿ ಅಂತಿಟ್ಟುಕೊಳ್ಳಿ.

ಸ್ಟೋರ್‌ಸಿಎಲ್‌ಐ64 /ಸಿ0/ವಿ0 ಸ್ಟಾರ್ಟ್ ಮೈಗ್ರೇಟ್ ಟೈಪ್=ರೇಡ್6 ಆಪ್ಷನ್=ಆಡ್ ಡ್ರೈವ್ಸ್=252:7

ಮೊದಲು ಬ್ಯಾಕಪ್ ಇರಲೇಬೇಕು. ಇದು ಎಲ್ಲ ಡಿಸ್ಕ್‌ಗಳ ಮೇಲಿನ ಎಲ್ಲ ಡೇಟಾವನ್ನೂ ಹೊಸದಾಗಿ ಹಂಚುತ್ತದೆ, ಒಮ್ಮೆ ಶುರುವಾದರೆ ಮಧ್ಯದಲ್ಲಿ ರದ್ದು ಮಾಡಲು ಬರುವುದಿಲ್ಲ. ಅದೇ ಡಿಸ್ಕ್ ಗುಂಪಿನ ಮೇಲೆ ಒಂದಕ್ಕಿಂತ ಜಾಸ್ತಿ ವರ್ಚುವಲ್ ಡಿಸ್ಕ್ ಇದ್ದರೆ ಕಂಟ್ರೋಲರ್ ಒಪ್ಪುವುದೇ ಇಲ್ಲ. ಒಂದು ಗುಂಪಿಗೆ ಒಂದೇ ವರ್ಚುವಲ್ ಡಿಸ್ಕ್ ಇಡಿ ಅಂತ ಹೇಳುವುದು ಇದಕ್ಕೇ. ಎಷ್ಟಾಯಿತು ಅಂತ 'ಶೋ ಮೈಗ್ರೇಟ್' ಹೇಳುತ್ತದೆ.

ಮುಗಿದ ಮೇಲೆ ಲಿನಕ್ಸ್‌ಗೆ ಹೊಸ ಅಳತೆ ತಾನಾಗಿ ತಿಳಿಯದಿರಬಹುದು. ಆಗ /ಸಿಸ್/ಕ್ಲಾಸ್/ಬ್ಲಾಕ್/ಎಸ್‌ಡಿಬಿ/ಡಿವೈಸ್/ರೀಸ್ಕ್ಯಾನ್ ಫೈಲ್‌ಗೆ 1 ಅಂತ ಬರೆಯಿರಿ. ಆಮೇಲೆ ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್‌ನಿಂದ ಫೈಲ್‌ಸಿಸ್ಟಂ ಹಿಗ್ಗಿಸಿ. ಡೇಟಾ ಡಿಸ್ಕ್ ಈಗ 5 ಆಗಿದೆ, ಫೈಲ್‌ಸಿಸ್ಟಂ ಮಾತ್ರ ಇನ್ನೂ 4 ಅಂದುಕೊಂಡೇ ಇರುತ್ತದೆ. ಕೆಲಸ ನಡೆಯುತ್ತದೆ, ಪೂರ್ತಿ ಸ್ಟ್ರೈಪ್ ಬರಹದ ಲಾಭ ಸ್ವಲ್ಪ ತಪ್ಪುತ್ತದೆ. ಹಾಗಾಗಿ ಮುಂದೆ ಬೇಕಾಗುವ ಡಿಸ್ಕ್‌ಗಳನ್ನು ಆದಷ್ಟು ಮೊದಲೇ ಸೇರಿಸಿ ಕಟ್ಟುವುದು ವಾಸಿ.

ಅಳಿಸುವ ಕಮಾಂಡ್ '/ಸಿ0/ವಿ0 ಡೆಲ್'. ಅದರ ಮೇಲೆ ಪಾರ್ಟಿಷನ್ ಕಂಡರೆ ಟೂಲ್ ಒಪ್ಪದೆ ಫೋರ್ಸ್ ಕೇಳುತ್ತದೆ. ಫೋರ್ಸ್ ಸೇರಿಸುವ ಮೊದಲು ಓಎಸ್ ಡ್ರೈವ್ ನೇಮ್ ಸಾಲನ್ನು ಮತ್ತೊಮ್ಮೆ ಓದಿ, ಆ ಹೆಸರಿನ ಡಿಸ್ಕ್ ಲಿನಕ್ಸ್‌ನಲ್ಲಿ ಎಲ್ಲೂ ಮೌಂಟ್ ಆಗಿಲ್ಲ ಅಂತ ನೋಡಿಕೊಳ್ಳಿ.

ದಿನಾ ಲಾಗಿನ್ ಆಗಿ ನೋಡುವುದು ಆಗದ ಮಾತು. ಯಾವುದೇ ಶೋ ಕಮಾಂಡ್‌ನ ಕೊನೆಗೆ ಜೆ ಅನ್ನುವ ಒಂದಕ್ಷರ ಸೇರಿಸಿದರೆ ಔಟ್‌ಪುಟ್ ಸ್ಕ್ರಿಪ್ಟ್‌ಗೆ ಓದಲು ಸುಲಭವಾದ ಜೇಸನ್ ರೂಪದಲ್ಲಿ ಬರುತ್ತದೆ. ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಕ್ರಾನ್‌ಗೆ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಲಿನಕ್ಸ್ ವ್ಯವಸ್ಥೆ) ಹಾಕಿ. ಸ್ಟೇಟ್ ಆಪ್ಟಿಮಲ್ ಇದೆಯಾ, ರೈಟ್ ಬ್ಯಾಕ್ ಹಾಕಿದ ಕಡೆ ಕ್ಯಾಶ್‌ನಲ್ಲಿ ಡಬ್ಲ್ಯುಬಿ ಇದೆಯಾ, ಬ್ಯಾಟರಿ ಸರಿಯಿದೆಯಾ, ಈ ಮೂರನ್ನು ನೋಡಿ, ಒಂದು ತಪ್ಪಿದರೂ ಮೇಲ್ ಕಳಿಸುವ ಹಾಗಿರಲಿ.